ಸಂಬಳದ ಚೀಟಿಯ ಹಿಂದಿರುವ ಶಾಸ್ತ್ರ

ತಿಂಗಳ ಸಂಬಳವನ್ನು ನಂಬಿ ಸಂಸಾರವನ್ನು ನಡೆಸತಕ್ಕ ಗೃಹಸ್ಥರಿಗೆ ಸಂಬಳದ ಚೀಟಿಯಷ್ಟು ಪರಿಚಿತವಾದ ಕಾಗದವೂ ಇಲ್ಲ. ಅದರಷ್ಟು ಅಲಕ್ಷ್ಯಕ್ಕೆ ಗುರಿಯಾದ ಕಾಗದವೂ ಇಲ್ಲ. ಕಟ್ಟಕಡೆಯ ಸಾಲಿನಲ್ಲಿ ಕೈಗೆ ಬರತಕ್ಕ ಮೊತ್ತವೆಷ್ಟೆಂಬುದನ್ನು ನೋಡಿಕೊಂಡು, ಅಕ್ಕಿಬೇಳೆಗಿಷ್ಟು, ಬಾಡಿಗೆಗಿಷ್ಟು, ಮಕ್ಕಳ ಫೀಸಿಗಿಷ್ಟು ಎಂದು ಹಂಚಿಬಿಟ್ಟರೆ ಆ ಚೀಟಿಯ ಕೆಲಸವು ತೀರಿತೆಂದು ನಾವು ಭಾವಿಸುವೆವು. ಆದರೆ ಮೇಲಿನ ಸಾಲಿಗೂ ಕಡೆಯ ಸಾಲಿಗೂ ನಡುವೆ ಭವಿಷ್ಯನಿಧಿ, ನೌಕರರ ರಾಜ್ಯವಿಮೆ, ವೃತ್ತಿ ತೆರಿಗೆ, ಆದಾಯ ತೆರಿಗೆ ಮೊದಲಾದ ಸಣ್ಣ ಸಾಲುಗಳು ಕೆಲವುಂಟು. ಅವುಗಳಲ್ಲಿ ಒಂದೊಂದೂ ಒಂದೊಂದು ಕಾಯಿದೆಯ ಫಲ. ಮುಪ್ಪಿನ ಪಿಂಚಣಿ, ರೋಗಕಾಲದ ಆಧಾರ, ತೀರಿಹೋದವನ ಹೆಂಡತಿಮಕ್ಕಳಿಗೆ ಸಲ್ಲತಕ್ಕ ಹಣ, ಇವೆಲ್ಲವೂ ಆ ಸಣ್ಣ ಸಾಲುಗಳನ್ನೇ ಆಶ್ರಯಿಸಿಕೊಂಡಿರುವುವು. ದೊಡ್ಡ ಕಚೇರಿಗಳಲ್ಲಿ ಈಗ ಆ ಸಾಲುಗಳನ್ನು ಬರೆಯುವುದು ಗುಮಾಸ್ತನ ಲೇಖನಿಯಲ್ಲ, ಗಣಕಯಂತ್ರ. ಆ ಯಂತ್ರವು ಆಯಾ ದೇಶದ ಕಾಯಿದೆಯನ್ನು ಹೇಗೆ ಕಲಿಯುವುದು, ಕಲಿಸುವವರು ತಪ್ಪಿದರೆ ನಷ್ಟವು ಯಾರ ಪಾಲಿಗೆ ಬರುವುದು ಎಂಬುದನ್ನು ವಾಚಕರ ಮುಂದೆ ಸ್ವಲ್ಪ ವಿಶದವಾಗಿ ಇಡುವುದೇ ಈ ಲೇಖನದ ಉದ್ದೇಶ.

ಸಂಬಳವನ್ನು ನಿಯಮಕ್ಕೆ ಒಳಪಡಿಸುವುದು ನಿನ್ನೆ ಮೊನ್ನೆ ಹುಟ್ಟಿದ ಆಲೋಚನೆಯಲ್ಲ. ೧೯೦೫ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಭೃತ್ಯಭರಣೀಯವೆಂಬ ಒಂದು ಪ್ರಕರಣವಿರುವುದು. ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದವರಿಗೆ ೪೮,೦೦೦ ಪಣಗಳಿಂದ ತೊಡಗಿ, ಅತ್ಯಂತ ಕೆಳಗಿನ ಸೇವಕರಿಗೆ ೬೦ ಪಣಗಳವರೆಗೆ ಅಲ್ಲಿ ವೇತನವು ವಿಧಿಸಲ್ಪಟ್ಟಿದೆ. ಕೆಲಸದಲ್ಲಿರುವಾಗಲೇ ಮಡಿದವನ ಪತ್ನೀಪುತ್ರರಿಗೆ ಅನ್ನವೇತನಗಳು ಸಲ್ಲಬೇಕೆಂದೂ ಆ ಗ್ರಂಥಕಾರನು ಹೇಳಿರುವನು. ಇಂದು ನಾವು ಕುಟುಂಬ ಪಿಂಚಣಿ ಎನ್ನುವುದರ ಧರ್ಮವು ಇದೇ ಅಲ್ಲವೆ?

ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದ ಕಥೆಯು ಮಾತ್ರ ಇತ್ತೀಚಿನದು. ಲಂಡನ್ನಿನಲ್ಲಿ ಚಹಾದ ಅಂಗಡಿಗಳನ್ನು ನಡೆಸುತ್ತಿದ್ದ ಲಯನ್ಸ್ ಕಂಪೆನಿಯವರು ಲಿಯೋ ಎಂಬ ಗಣಕಯಂತ್ರವನ್ನು ತಾವೇ ನಿರ್ಮಿಸಿಕೊಂಡು, ೧೯೫೧ರಲ್ಲಿ ಬೇಕರಿಯ ಲೆಕ್ಕವನ್ನೂ ತರುವಾಯ ನೌಕರರ ಸಂಬಳದ ಪಟ್ಟಿಯನ್ನೂ ಅದರಿಂದ ಮಾಡಿಸಿದರು. ೧೯೭೨ರಲ್ಲಿ ಜರ್ಮನಿಯಲ್ಲಿ ಐ.ಬಿ.ಎಂ. ಕಂಪೆನಿಯನ್ನು ಬಿಟ್ಟು ಬಂದ ಐವರು ಸ್ಯಾಪ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಮೊದಲನೆಯ ಗಿರಾಕಿಯಾದ ರಾಸಾಯನಿಕ ಕಂಪೆನಿಯೊಂದರ ಕಾರ್ಖಾನೆಯಲ್ಲಿ ಅವರು ರಚಿಸಿಕೊಟ್ಟ ಲೆಕ್ಕಗಳಲ್ಲಿ ಸಂಬಳದ ಪಟ್ಟಿಯೂ ಒಂದು. ಈಗ ಆ ಸಂಸ್ಥೆಯ ಸಾಫ್ಟ್‌ವೇರನ್ನು ಅನೇಕ ದೇಶಗಳ ದೊಡ್ಡ ಕಂಪೆನಿಗಳು ಉಪಯೋಗಿಸುತ್ತಿವೆ. ಬೆಂಗಳೂರಿನಲ್ಲಿಯೂ ಅದರ ದೊಡ್ಡ ಕಚೇರಿಯೊಂದಿದ್ದು, ನಮ್ಮವರ ಮಕ್ಕಳನೇಕರು ಇಂತಹ ಕೆಲಸದಲ್ಲಿಯೇ ತೊಡಗಿರುವರು. "ನಿಮ್ಮ ಹುಡುಗ ಏನು ಮಾಡುತ್ತಾನೆ?" ಎಂದು ಯಾರಾದರೂ ಕೇಳಿದರೆ ತಂದೆತಾಯಿಗಳು "ಏನೋ ಕಂಪ್ಯೂಟರ್ ಕೆಲಸ" ಎಂದು ಹೇಳಿ ಸುಮ್ಮನಾಗುವುದುಂಟು. ಆ ಕೆಲಸದ ಒಂದು ಭಾಗವು ಏನೆಂಬುದು ಇದರಿಂದ ತಿಳಿದೀತು.

ವ್ಯಾಕರಣವನ್ನು ಓದಿದವರಿಗೆ ಉತ್ಸರ್ಗ, ಅಪವಾದ ಎಂಬ ಮಾತುಗಳು ಹೊಸವಲ್ಲ. ಎಲ್ಲೆಡೆಗೂ ಅನ್ವಯಿಸುವ ಸಾಮಾನ್ಯ ವಿಧಿಯು ಉತ್ಸರ್ಗ. ಅದನ್ನು ಒಂದು ನಿಯತ ವಿಷಯದಲ್ಲಿ ತಡೆಯುವ ವಿಶೇಷ ವಿಧಿಯು ಅಪವಾದ. ಸಂಬಳದ ಸಾಫ್ಟ್‌ವೇರಿನ ರಚನೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ನೌಕರನ ಹಾಜರಿಯನ್ನು ತೆಗೆದುಕೊಳ್ಳುವುದು, ಒಟ್ಟು ಸಂಬಳವನ್ನು ಕಟ್ಟುವುದು, ಕಡಿತಗಳನ್ನು ಕಳೆಯುವುದು, ಉಳಿದುದನ್ನು ಬ್ಯಾಂಕಿಗೆ ಕಳುಹಿಸುವುದು, ಲೆಕ್ಕದ ಪುಸ್ತಕಕ್ಕೆ ಏರಿಸುವುದು, ಇಷ್ಟು ಎಲ್ಲ ದೇಶಗಳಿಗೂ ಸಮಾನ. ಯಾವ ಕಡಿತ, ಯಾವ ದರ, ಯಾವ ಮಿತಿ, ಯಾವ ದಿನ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಆದುದರಿಂದ ಮೇಲೆ ಹೇಳಿದ ಸ್ಯಾಪ್‌ನಲ್ಲಿ ಪ್ರತಿಯೊಂದು ದೇಶಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟಿರುವರು. ಜರ್ಮನಿಗೆ ೦೧, ಬ್ರಿಟನ್ನಿಗೆ ೦೮, ಅಮೆರಿಕಕ್ಕೆ ೧೦, ಭಾರತಕ್ಕೆ ೪೦. ನೌಕರನು ಕೆಲಸ ಮಾಡುವ ಶಾಖೆಗೆ ೪೦ ಎಂದು ನಮೂದಿಸಿದ ಕೂಡಲೆ ಭಾರತದ ವಿಧಿಗಳು ತೆರೆದುಕೊಂಡು, ಉಳಿದ ದೇಶಗಳ ವಿಧಿಗಳು ಅವನ ಮಟ್ಟಿಗೆ ಮುಚ್ಚಿಹೋಗುವುವು.

ಇಲ್ಲಿಗೆ ಕೆಲಸವು ಮುಗಿಯಲಿಲ್ಲ, ಪ್ರಾರಂಭವಾಯಿತು. ಸಾಫ್ಟ್‌ವೇರನ್ನು ಬರೆದವರು ಬರಿಯ ಮನೆಯನ್ನು ಕಟ್ಟಿಕೊಟ್ಟಂತೆ; ಅದರಲ್ಲಿ ಅಡಿಗೆಮನೆ ಎಲ್ಲಿ, ದೇವರ ಮನೆ ಎಲ್ಲಿ ಎಂದು ನಿಶ್ಚಯಿಸಿ ಅಣಿಮಾಡತಕ್ಕವರು ಬೇರೆ. ಆ ಅಣಿಮಾಡುವಿಕೆಗೆ ಕಾನ್ಫಿಗರೇಷನ್ ಎಂದು ಹೆಸರು. ಈ ಕೆಲಸದವರು ಸಂಬಳದ ಒಂದೊಂದು ಅಂಗಕ್ಕೂ ಒಂದೊಂದು ಗುರುತನ್ನು ಕೊಡುವರು. ಮೂಲ ವೇತನ, ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಬೋನಸ್ಸು ಇವುಗಳಲ್ಲಿ ಯಾವುದು ಭವಿಷ್ಯನಿಧಿಯ ಲೆಕ್ಕಕ್ಕೆ ಸೇರತಕ್ಕದ್ದು, ಯಾವುದು ಆದಾಯ ತೆರಿಗೆಗೆ ಸೇರತಕ್ಕದ್ದು ಎಂದು ಒಂದೊಂದರ ಎದುರಿಗೂ ಗುರುತಿಸುವರು. ದರಗಳನ್ನೂ ಮಿತಿಗಳನ್ನೂ ಪಟ್ಟಿಗಳಲ್ಲಿ ಬರೆದು, ಅವು ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುವುವೆಂದು ತಾರೀಖು ಹಾಕುವರು. ಒಬ್ಬೊಬ್ಬ ನೌಕರನಿಗೂ ಸಂಖ್ಯೆಯುಳ್ಳ ಪತ್ರಗಳಿರುವುವು. ಭಾರತದ ನೌಕರನ ಭವಿಷ್ಯನಿಧಿಯ ವಿವರವು ೫೮೭ನೆಯ ಪತ್ರದಲ್ಲಿ, ರಾಜ್ಯವಿಮೆ, ವೃತ್ತಿ ತೆರಿಗೆಗಳ ವಿವರವು ೫೮೮ರಲ್ಲಿ, ಹಿಂದಿನ ಕಚೇರಿಯ ಸಂಬಳ ತೆರಿಗೆಗಳು ೫೮೦ರಲ್ಲಿ, ನಾಮನಿರ್ದೇಶನವು ೫೯೧ರಲ್ಲಿ.

ತಾರೀಖು ಹಾಕುವುದು ಅಲ್ಪ ವಿಷಯವೆಂದು ತೋರಬಹುದು. ಉದಾಹರಣೆಗೆ, ರಾಜ್ಯವಿಮೆಗೆ ನೌಕರನು ಕೊಡತಕ್ಕ ವಂತಿಗೆ ೨೦೧೯ರ ಜೂನ್ ಕೊನೆಯವರೆಗೆ ಶೇಕಡ ೧.೭೫ ಇದ್ದು, ಜುಲೈ ೧ರಿಂದ ಶೇಕಡ ೦.೭೫ಕ್ಕೆ ಇಳಿಯಿತು, ಯಜಮಾನನ ಪಾಲು ಶೇಕಡ ೪.೭೫ರಿಂದ ೩.೨೫ಕ್ಕೆ ಇಳಿಯಿತು. ಹೊಸ ದರವನ್ನು ಹಳೆಯದರ ಮೇಲೆಯೇ ಅಳಿಸಿ ಬರೆದರೆ, ಮೇ ತಿಂಗಳ ಲೆಕ್ಕವನ್ನು ಮುಂದೆ ಎಂದಾದರೂ ತಿದ್ದಬೇಕಾದಾಗ ಯಂತ್ರವು ಹೊಸ ದರವನ್ನೇ ಹಿಡಿದು ಸರಿಯಾಗಿದ್ದ ಅಂಕಿಗಳನ್ನೂ ಕೆಡಿಸಿಬಿಡುವುದು. ಹಳೆಯ ಸಾಲನ್ನು ಹಾಗೆಯೇ ಉಳಿಸಿ, ಅದಕ್ಕೆ ಮುಕ್ತಾಯದ ದಿನವನ್ನು ಬರೆದು, ಹೊಸ ಸಾಲನ್ನು ಕೆಳಗೆ ಸೇರಿಸಿದರೆ ಆಯಾ ತಿಂಗಳಿಗೆ ಆಯಾ ದರವೇ ಹಿಡಿಯುವುದು.

ಇನ್ನು ನಮ್ಮ ದೇಶದ ವಿಧಿಗಳಿಗೆ ಬರೋಣ. ಭವಿಷ್ಯನಿಧಿಯ ಕಾಯಿದೆಯು ೧೯೫೨ರದು. ನೌಕರನು ಶೇಕಡ ೧೨, ಯಜಮಾನನು ಶೇಕಡ ೧೨ ಕೊಡುವುದು ಸಾಮಾನ್ಯ ನಿಯಮ. ಆದರೆ ಯಜಮಾನನ ೧೨ರಲ್ಲಿ ೮.೩೩ ಭಾಗವು ಪಿಂಚಣಿಗೆ ಹೋಗಿ, ಉಳಿದ ೩.೬೭ ಮಾತ್ರ ನಿಧಿಗೆ ಸೇರುವುದು. ಲೆಕ್ಕಕ್ಕೆ ಹಿಡಿಯತಕ್ಕ ವೇತನದ ಮಿತಿಯು ೨೦೧೪ರ ಸೆಪ್ಟೆಂಬರ್ ೧ರಿಂದ ೬,೫೦೦ ರೂಪಾಯಿಗಳಿಂದ ೧೫,೦೦೦ಕ್ಕೆ ಏರಿಸಲ್ಪಟ್ಟಿತು. ಕೆಲವು ಕಂಪೆನಿಗಳು ಮಿತಿಯ ಮೇಲೆ ಮಾತ್ರ, ಕೆಲವು ಪೂರ್ಣ ವೇತನದ ಮೇಲೆ ಕಟ್ಟುವುವು. ಪೂರ್ಣ ವೇತನದ ಮೇಲೆ ಕಟ್ಟಿದರೂ ಪಿಂಚಣಿಯ ಪಾಲು ಸಾಮಾನ್ಯವಾಗಿ ೧೫,೦೦೦ದ ಮೇಲಿನ ೧,೨೫೦ ರೂಪಾಯಿಗಳಲ್ಲಿಯೇ ನಿಲ್ಲಬೇಕು. ಈ ಎರಡು ಲೆಕ್ಕಗಳನ್ನು ಒಂದರೊಡನೊಂದು ಬೆರೆಸದಂತೆ ವಿನ್ಯಾಸ ಮಾಡುವುದು ಎಚ್ಚರದ ಕೆಲಸ.

ಇದಕ್ಕಿಂತಲೂ ಸೂಕ್ಷ್ಮವಾದುದು ೧೯೪೮ರ ಕಾಯಿದೆಯಿಂದ ಹುಟ್ಟಿದ ನೌಕರರ ರಾಜ್ಯವಿಮೆ. ೨೦೧೭ರ ಜನವರಿಯಿಂದ ತಿಂಗಳಿಗೆ ೨೧,೦೦೦ ರೂಪಾಯಿಗಳವರೆಗೆ ವೇತನವುಳ್ಳವರು ಇದಕ್ಕೆ ಒಳಪಡುವಂತಾಯಿತು. ವರ್ಷವನ್ನು ಎರಡು ವಂತಿಗೆಯ ಅವಧಿಗಳಾಗಿ ವಿಭಾಗಿಸಿರುವರು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚಿ. ಅವಧಿಯ ನಡುವೆ ವೇತನವು ಮಿತಿಯನ್ನು ದಾಟಿದರೂ ಆ ಅವಧಿಯ ಕೊನೆಯವರೆಗೆ ವಂತಿಗೆಯು ನಡೆಯತಕ್ಕದ್ದೆಂಬುದು ನಿಯಮ.

ಇದರ ಮರ್ಮವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಒಬ್ಬ ಕಾರ್ಖಾನೆಯ ಕೆಲಸಗಾರನ ವೇತನವು ೨೦,೦೦೦ ರೂಪಾಯಿ ಇದ್ದು, ಜೂನ್ ತಿಂಗಳಲ್ಲಿ ಬಡ್ತಿಯಿಂದ ೨೨,೫೦೦ ಆಯಿತೆಂದು ಇಟ್ಟುಕೊಳ್ಳೋಣ. ವಿನ್ಯಾಸ ಮಾಡಿದವನು "೨೧,೦೦೦ ದಾಟಿದರೆ ಕಡಿತವಿಲ್ಲ" ಎಂಬ ಉತ್ಸರ್ಗವನ್ನು ಮಾತ್ರ ಬರೆದು, ಅವಧಿಯ ಅಪವಾದವನ್ನು ಮರೆತನು. ಜೂನ್‌ನಿಂದ ಕಡಿತವು ನಿಂತಿತು. ತಿಂಗಳಿಗೆ ೧೬೯ ರೂಪಾಯಿ ಉಳಿಯಿತೆಂದು ಕೆಲಸಗಾರನ ಮನೆಯವರಿಗೆ ಸಂತೋಷವೇ ಆದೀತು. ಆದರೆ ಆ ಅವಧಿಯಲ್ಲಿ ಅವನ ಹೆಸರಿನಲ್ಲಿ ವಂತಿಗೆ ಬಿದ್ದುದು ಏಪ್ರಿಲ್ ಮೇ ತಿಂಗಳುಗಳ ೬೧ ದಿನಗಳಿಗೆ ಮಾತ್ರ. ಮುಂದಿನ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಬಿದ್ದರೆ ವೇತನದ ಶೇಕಡ ೭೦ರಂತೆ ಸಿಕ್ಕತಕ್ಕ ರೋಗಭತ್ಯಕ್ಕೆ ಕನಿಷ್ಠ ೭೮ ದಿನಗಳ ವಂತಿಗೆ ಬೇಕು. ಫೆಬ್ರವರಿಯಲ್ಲಿ ಅವನು ಹಾಸಿಗೆ ಹಿಡಿದಾಗ, ವರ್ಷಕ್ಕೆ ೯೧ ದಿನಗಳವರೆಗೆ ದೊರೆಯಬಹುದಾಗಿದ್ದ ಆ ಆಧಾರವು ೧೭ ದಿನಗಳ ಕೊರತೆಯಿಂದ ತಡೆಯಲ್ಪಡುವುದು. ಹಳೆಯ ಬಾಕಿಯನ್ನು ಕಟ್ಟಿಸಿ ಹಕ್ಕನ್ನು ಮರಳಿ ಪಡೆಯಲು ಅರ್ಜಿಗಳನ್ನು ಹಿಡಿದು ಅಲೆಯತಕ್ಕವರು ಆ ಮನೆಯ ಹೆಂಗಸರೇ. ತಪ್ಪಾದುದು ಎಲ್ಲಿಯೋ ದೂರದ ಊರಿನಲ್ಲಿ, ತಣ್ಣನೆಯ ಕೋಣೆಯೊಂದರಲ್ಲಿ, ಒಂದು ಷರತ್ತಿನ ಬರವಣಿಗೆಯಲ್ಲಿ.

ವೃತ್ತಿ ತೆರಿಗೆಯ ವಿಷಯದಲ್ಲಿ ಒಂದೇ ದೇಶದೊಳಗೆ ಅನೇಕ ದೇಶಗಳಿರುವಂತಿದೆ. ಸಂವಿಧಾನದ ೨೭೬ನೆಯ ಅನುಚ್ಛೇದವು ಇದನ್ನು ರಾಜ್ಯಗಳಿಗೆ ಬಿಟ್ಟು, ವರ್ಷಕ್ಕೆ ೨,೫೦೦ ರೂಪಾಯಿಗಳನ್ನು ಮೀರಕೂಡದೆಂದು ಕಟ್ಟುಮಾಡಿದೆ. ಕರ್ನಾಟಕದಲ್ಲಿ ೨೦೨೩ರ ಏಪ್ರಿಲ್‌ನಿಂದ ೨೫,೦೦೦ ರೂಪಾಯಿಗಳಿಗೆ ಕಡಿಮೆಯಾದ ಸಂಬಳದವರಿಗೆ ಇದು ತಪ್ಪಿತು. ಅದಕ್ಕೆ ಮೊದಲು ಆ ಮಿತಿಯು ೧೫,೦೦೦ ಇದ್ದಿತು. ಉಳಿದವರಿಗೆ ತಿಂಗಳಿಗೆ ೨೦೦ರಂತೆ ನಡೆಯುತ್ತಿದ್ದ ತೆರಿಗೆಯು ೨೦೨೫ರ ತಿದ್ದುಪಡಿಯಿಂದ ಫೆಬ್ರವರಿಯೊಂದರಲ್ಲಿ ೩೦೦ ಆಯಿತು. ಮಹಾರಾಷ್ಟ್ರದಲ್ಲಿ ೨೦೨೩ರಿಂದ ೨೫,೦೦೦ದವರೆಗಿನ ಸಂಬಳದ ಸ್ತ್ರೀಯರಿಗೆ ವಿನಾಯಿತಿಯುಂಟು, ಪುರುಷರಿಗಿಲ್ಲ. ಆದುದರಿಂದ ಅಲ್ಲಿ ನೌಕರರು ಸ್ತ್ರೀಯೋ ಪುರುಷರೋ ಎಂಬುದೂ ಯಂತ್ರಕ್ಕೆ ಬೇಕು. ತಮಿಳುನಾಡಿನಲ್ಲಿ ಸ್ಥಳೀಯ ಸಂಸ್ಥೆಗಳು ಅರ್ಧವರ್ಷಕ್ಕೊಮ್ಮೆ ವಸೂಲು ಮಾಡುವುವು. ದೆಹಲಿಯಲ್ಲಿ ಈ ತೆರಿಗೆಯೇ ಇಲ್ಲ. ಬೆಂಗಳೂರಿನಿಂದ ದೆಹಲಿಗೆ ವರ್ಗವಾದವನ ಸ್ಥಳವನ್ನು ಪತ್ರದಲ್ಲಿ ತಿದ್ದದಿದ್ದರೆ ಅವನು ಇಲ್ಲದ ತೆರಿಗೆಯನ್ನು ತೆರುತ್ತಲೇ ಇರುವನು.

ಆದಾಯ ತೆರಿಗೆಯನ್ನು ತಿಂಗಳ ಸಂಬಳದ ಮೇಲೆ ನೇರವಾಗಿ ಹಾಕುವುದಿಲ್ಲ. ವರ್ಷದ ಆದಾಯವನ್ನು ಮೊದಲೇ ಅಂದಾಜು ಮಾಡಿ, ವರ್ಷದ ತೆರಿಗೆಯನ್ನು ಕಂಡುಹಿಡಿದು, ಉಳಿದ ತಿಂಗಳುಗಳಿಗೆ ಹಂಚುವರು. ಇಲ್ಲಿ ಸಾಮಾನ್ಯವಾಗಿ ಆಗುವ ತೊಡಕು ನಡುವರ್ಷದಲ್ಲಿ ಕೆಲಸ ಬದಲಾಯಿಸಿದವರಿಗೆ. ತಿಂಗಳಿಗೆ ೧,೨೦,೦೦೦ ರೂಪಾಯಿ ಸಂಬಳದವನು ಆರು ತಿಂಗಳು ಒಂದು ಕಚೇರಿಯಲ್ಲಿಯೂ ಆರು ತಿಂಗಳು ಮತ್ತೊಂದರಲ್ಲಿಯೂ ಇದ್ದನೆನ್ನೋಣ. ಎರಡು ಕಚೇರಿಗಳೂ ತಮ್ಮ ತಮ್ಮ ೭,೨೦,೦೦೦ ರೂಪಾಯಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ, ೨೦೨೫-೨೬ನೆಯ ಸಾಲಿನ ಹೊಸ ಪದ್ಧತಿಯ ದರಗಳಂತೆ ಎರಡು ಕಡೆಯೂ ತೆರಿಗೆ ಶೂನ್ಯ. ಆದರೆ ನಿಜವಾದ ಆದಾಯವು ೧೪,೪೦,೦೦೦. ಅದರಲ್ಲಿ ೭೫,೦೦೦ ಕಳೆದರೆ ೧೩,೬೫,೦೦೦. ಸಲ್ಲತಕ್ಕ ತೆರಿಗೆಯು ಉಪಕರವೂ ಸೇರಿ ೮೮,೧೪೦ ರೂಪಾಯಿ. ಮನೆಯಲ್ಲಿ ಖರ್ಚಾಗಿ ಹೋದ ಹಣವನ್ನು ವರ್ಷಾಂತ್ಯದಲ್ಲಿ ಬಡ್ಡಿಯೊಡನೆ ಹೊಂದಿಸಬೇಕಾಗುವುದು. ಹಿಂದಿನ ಕಚೇರಿಯ ವಿವರವನ್ನು ೫೮೦ನೆಯ ಪತ್ರಕ್ಕೆ ತುಂಬಿಸಿದ್ದರೆ ಆ ಸಂಕಟವೇ ಇರುತ್ತಿರಲಿಲ್ಲ.

೨೦೨೫ರ ನವೆಂಬರ್ ೨೧ರಂದು ಈ ಕೆಲಸದವರಿಗೆಲ್ಲ ಹೊಸ ಪಾಠವೊಂದು ಬಂದಿತು. ಹಳೆಯ ೨೯ ಕಾರ್ಮಿಕ ಕಾಯಿದೆಗಳನ್ನು ಒಟ್ಟುಗೂಡಿಸಿದ ನಾಲ್ಕು ಸಂಹಿತೆಗಳು ಅಂದು ಜಾರಿಗೆ ಬಂದುವು. ವೇತನ ಸಂಹಿತೆಯಲ್ಲಿ ವೇತನವೆಂಬ ಮಾತಿಗೇ ಹೊಸ ಲಕ್ಷಣವನ್ನು ಹೇಳಿದೆ. ಮನೆ ಬಾಡಿಗೆ, ಪ್ರಯಾಣ, ಕಮಿಷನ್ ಮೊದಲಾದವು ವೇತನದಿಂದ ಹೊರಗೆ. ಆದರೆ ಹೊರಗಿಟ್ಟವುಗಳ ಮೊತ್ತವು ಒಟ್ಟು ಪ್ರತಿಫಲದ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗವು ಮತ್ತೆ ವೇತನಕ್ಕೇ ಸೇರತಕ್ಕದ್ದು. ಒಟ್ಟು ೪೦,೦೦೦ದಲ್ಲಿ ಮೂಲ ವೇತನ ೧೪,೦೦೦, ಇಂತಹ ಭತ್ಯೆಗಳು ೨೬,೦೦೦ ಎಂದು ಇದ್ದವನಿಗೆ ೬,೦೦೦ ಹಿಂದಿರುಗಿ ಸೇರಿ ವೇತನವು ೨೦,೦೦೦ ಆಗುವುದು. ಗ್ರಾಚ್ಯುಯಿಟಿಯನ್ನು ಕಡೆಯ ವೇತನದ ೨೬ನೆಯ ಒಂದು ಭಾಗದ ಹದಿನೈದು ಪಟ್ಟಿನಂತೆ ವರ್ಷವೊಂದಕ್ಕೆ ಎಣಿಸುವರು. ಹತ್ತು ವರ್ಷದ ಸೇವೆಗೆ ೧೪,೦೦೦ದ ಮೇಲೆ ೮೦,೭೬೯ ರೂಪಾಯಿ. ೨೦,೦೦೦ದ ಮೇಲೆ ೧,೧೫,೩೮೫. ಒಂದು ಪಟ್ಟಿಯಲ್ಲಿ ಭತ್ಯೆಯ ಎದುರಿಗೆ ಹಾಕುವ ಗುರುತೊಂದರಿಂದ ಒಬ್ಬನ ಮುಪ್ಪಿನ ಗಂಟಿನಲ್ಲಿ ೩೪,೬೦೦ ರೂಪಾಯಿಗಳಿಗೂ ಮಿಕ್ಕ ವ್ಯತ್ಯಾಸವಾಗುವುದೆಂಬುದನ್ನು ಗಮನಿಸಬೇಕು. ಅದೇ ಸಂಹಿತೆಯಂತೆ ತಿಂಗಳ ಸಂಬಳವು ಮುಂದಿನ ತಿಂಗಳ ಏಳನೆಯ ದಿನದೊಳಗೆ ಸಲ್ಲಬೇಕು. ಕೆಲಸ ಬಿಟ್ಟವನ ವೇತನವು ಎರಡು ಕೆಲಸದ ದಿನಗಳಲ್ಲಿ ಸಲ್ಲಬೇಕು. ತಿಂಗಳ ಕೊನೆಯ ಪಟ್ಟಿಯವರೆಗೆ ಕಾಯುತ್ತಿದ್ದ ಕಚೇರಿಗಳು ಇದಕ್ಕಾಗಿ ನಡುವೆ ಪ್ರತ್ಯೇಕವಾಗಿ ಲೆಕ್ಕ ಮಾಡುವ ಏರ್ಪಾಟನ್ನು ಇಟ್ಟುಕೊಳ್ಳಬೇಕಾಯಿತು.

ಹೊರದೇಶಗಳಲ್ಲಿ ಸಮಸ್ಯೆಯ ರೂಪವು ಬೇರೆ. ಜರ್ಮನಿಯಲ್ಲಿ ವಿವಾಹಾದಿ ಸ್ಥಿತಿಗಳನ್ನನುಸರಿಸಿ ಆರು ತೆರಿಗೆಯ ವರ್ಗಗಳುಂಟು. ಅಲ್ಲಿಯ ಚರ್ಚುಗಳಿಗೆ ಸೇರಿದವರಿಂದ ಆದಾಯ ತೆರಿಗೆಯ ಶೇಕಡ ೮ ಇಲ್ಲವೆ ೯ ರಂತೆ, ಪ್ರಾಂತವನ್ನನುಸರಿಸಿ, ಚರ್ಚಿನ ತೆರಿಗೆಯನ್ನು ಸಂಬಳದಲ್ಲಿಯೇ ಹಿಡಿಯುವರು. ಆದುದರಿಂದ ಮತವನ್ನೂ ನಮೂದಿಸಬೇಕಾಗುವುದು. ಬ್ರಿಟನ್ನಿನಲ್ಲಿ ತೆರಿಗೆಯ ವರ್ಷವು ಏಪ್ರಿಲ್ ೬ರಂದು ಪ್ರಾರಂಭವಾಗುವುದು. ೨೦೧೩ರಿಂದ ಸಂಬಳ ಕೊಡುವ ದಿನವೇ ಇಲ್ಲವೆ ಅದಕ್ಕೆ ಮೊದಲೇ ಸರ್ಕಾರಕ್ಕೆ ವರದಿ ಹೋಗಬೇಕೆಂದು ವಿಧಿಸಿರುವರು. ಕರಾವಳಿಯ ಅನೇಕ ಮನೆಗಳ ಮಕ್ಕಳು ದುಡಿಯುತ್ತಿರುವ ದುಬೈ ಮೊದಲಾದ ಸಂಸ್ಥಾನಗಳಲ್ಲಿ ಸಂಬಳದ ಮೇಲೆ ಆದಾಯ ತೆರಿಗೆಯೇ ಇಲ್ಲ. ಆದರೆ ಸೇವಾಂತ್ಯದಲ್ಲಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ೨೧ ದಿನಗಳ, ಅನಂತರದ ವರ್ಷಗಳಿಗೆ ೩೦ ದಿನಗಳ ಮೂಲ ವೇತನವು ಸಲ್ಲತಕ್ಕದ್ದು. ಊರಿಗೆ ಹಿಂದಿರುಗಿ ಮನೆ ಕಟ್ಟಿಸಬೇಕೆಂದಿರುವವನಿಗೆ ಆ ಮೂಲ ವೇತನದ ಅಂಕಿಯು ಒಟ್ಟು ಸಂಬಳಕ್ಕಿಂತಲೂ ಮುಖ್ಯವಾದುದು.

ಇಷ್ಟೊಂದು ವಿಧಿಗಳನ್ನು ಪರೀಕ್ಷಿಸದೆ ಯಂತ್ರವನ್ನು ನಡೆಯಿಸಿದರೆ ಏನಾಗುವುದೆಂಬುದನ್ನು ಕೆನಡಾ ದೇಶವು ಕಂಡಿತು. ೨೦೧೬ರ ಫೆಬ್ರವರಿಯಲ್ಲಿ ಅಲ್ಲಿಯ ಕೇಂದ್ರ ಸರ್ಕಾರವು ಫೀನಿಕ್ಸ್ ಎಂಬ ಹೊಸ ಸಂಬಳದ ವ್ಯವಸ್ಥೆಯನ್ನು ಪ್ರಾರಂಭಿಸಿತು. ಸುಮಾರು ೨,೯೦,೦೦೦ ನೌಕರರು. ೮೦,೦೦೦ಕ್ಕೂ ಮೇಲ್ಪಟ್ಟ ಸಂಬಳದ ನಿಯಮಗಳು. ಖರ್ಚನ್ನು ಹಿಡಿಯಬೇಕೆಂದು ಅಧಿಕಾರಿಗಳು ಕೆಲವು ಮುಖ್ಯ ಲೆಕ್ಕಗಳನ್ನೇ ಕೈಬಿಟ್ಟರು, ಪರೀಕ್ಷೆಯನ್ನು ಮೊಟಕುಗೊಳಿಸಿದರು, ಒಂದು ಇಲಾಖೆಯಲ್ಲಿ ಮೊದಲು ನಡೆಯಿಸಿ ನೋಡಬೇಕೆಂದಿದ್ದ ಏರ್ಪಾಟನ್ನೂ ಬಿಟ್ಟರು. ಅನುಭವಶಾಲಿಗಳಾದ ಸಂಬಳದ ಗುಮಾಸ್ತರನ್ನೂ ಮೊದಲೇ ಕಳುಹಿಸಿಬಿಟ್ಟಿದ್ದರು. ಕೆಲವರಿಗೆ ಸಂಬಳವೇ ಬರಲಿಲ್ಲ. ಕೆಲವರಿಗೆ ಕಡಿಮೆ ಬಂದಿತು. ಕೆಲವರಿಗೆ ಹೆಚ್ಚು ಬಂದು, ಅನಂತರ ಹಿಂದಕ್ಕೆ ಕೊಡಿರೆಂಬ ಕಾಗದ ಬಂದಿತು. ೨೦೧೮ರಲ್ಲಿ ಅಲ್ಲಿಯ ಮಹಾಲೆಕ್ಕಪರಿಶೋಧಕರು ಇದನ್ನು ಕಟುವಾಗಿ ಖಂಡಿಸಿ ವರದಿ ಮಾಡಿದರು. ಅಲ್ಲಿ ಯಂತ್ರಕ್ಕೆ ಬುದ್ಧಿ ಸಾಲದೆ ಹೋಯಿತೆಂದು ಹೇಳುವುದಕ್ಕಿಂತ, ಕಲಿಸುವುದಕ್ಕೆ ಬೇಕಾದ ಕಾಲವನ್ನು ಕೊಡಲಿಲ್ಲವೆಂದು ಹೇಳುವುದೇ ನ್ಯಾಯ.

ಈ ಕೆಲಸವನ್ನು ಬಲ್ಲವರು ಅನುಸರಿಸುವ ಕ್ರಮವು ಇದಕ್ಕೆ ವಿರುದ್ಧವಾದುದು. ಎರಡು ಮೂರು ತಿಂಗಳು ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಜೊತೆಜೊತೆಯಾಗಿ ನಡೆಯಿಸಿ, ಒಬ್ಬೊಬ್ಬ ನೌಕರನ ಒಂದೊಂದು ಸಾಲನ್ನೂ ಹೋಲಿಸುವರು. ಒಂದು ರೂಪಾಯಿ ವ್ಯತ್ಯಾಸ ಕಂಡರೂ ಕಾರಣವನ್ನು ಹುಡುಕುವರು. ಭವಿಷ್ಯನಿಧಿಯಲ್ಲಿ ಸಮೀಪದ ರೂಪಾಯಿಗೆ ಸರಿಮಾಡುವರು. ರಾಜ್ಯವಿಮೆಯಲ್ಲಿ ಮುಂದಿನ ರೂಪಾಯಿಗೇ ಏರಿಸುವರು. ಒಂದು ರೂಪಾಯಿಯ ವ್ಯತ್ಯಾಸವು ಇಷ್ಟರಿಂದಲೇ ಬಂದಿರಬಹುದು, ದೊಡ್ಡ ತಪ್ಪಿನ ಸುಳಿವೂ ಆಗಿರಬಹುದು. ನಡುವರ್ಷದಲ್ಲಿ ಸೇರಿದವನು, ಬಿಟ್ಟವನು, ಹೆರಿಗೆಯ ರಜೆಯ ಮೇಲಿರುವವಳು, ವರ್ಗವಾದವನು, ಮಿತಿಯನ್ನು ಅವಧಿಯ ಮಧ್ಯದಲ್ಲಿ ದಾಟಿದವನು, ಇಂತಹವರನ್ನೇ ಆರಿಸಿ ಪರೀಕ್ಷಿಸುವರು. ಸಾಮಾನ್ಯ ನೌಕರನ ಲೆಕ್ಕವು ಎಲ್ಲರ ಕೈಯಲ್ಲಿಯೂ ಸರಿಯಾಗುವುದು. ಅಪವಾದದಲ್ಲಿಯೇ ವಿದ್ಯೆಯ ಪರೀಕ್ಷೆ.

ಹಾಗಾದರೆ ಗೃಹಸ್ಥರು ಮಾಡತಕ್ಕದ್ದೇನು? ಗಣಕಯಂತ್ರದ ಒಳಗನ್ನು ನಾವು ಕಾಣಲಾರೆವು. ಅದು ಬರೆದುದನ್ನು ಓದಬಲ್ಲೆವು. ವರ್ಷಕ್ಕೆ ಒಮ್ಮೆಯಾದರೂ ಮನೆಯವರೆಲ್ಲ ಕುಳಿತು ಸಂಬಳದ ಚೀಟಿಯ ಸಾಲುಗಳನ್ನು ಕ್ರಮವಾಗಿ ನೋಡಬೇಕು. ಭವಿಷ್ಯನಿಧಿಯ ಖಾತೆಯಲ್ಲಿರುವ ಹೆಸರು, ಜನ್ಮದಿನ, ಕೆಲಸಕ್ಕೆ ಸೇರಿದ ದಿನ ಇವು ಆಧಾರ್ ಮೊದಲಾದ ದಾಖಲೆಗಳಿಗೆ ಸರಿಯಾಗಿವೆಯೇ? ಚೀಟಿಯಲ್ಲಿ ಹಿಡಿದ ಹಣವು ನಿಧಿಯ ಪಾಸ್‌ಬುಕ್ಕಿನಲ್ಲಿ ಜಮೆಯಾಗಿದೆಯೇ? ಕೆಲಸ ಬದಲಾಯಿಸಿದಾಗ ಹಳೆಯ ಖಾತೆಯ ಸಂಖ್ಯೆಯನ್ನೇ ಹೊಸ ಕಚೇರಿಗೆ ಕೊಡಲಾಯಿತೇ? ಹಿಂದಿನ ಸಂಬಳವನ್ನು ತಿಳಿಸಲಾಯಿತೇ? ರಾಜ್ಯವಿಮೆಯ ಕಡಿತವು ಇದ್ದಕ್ಕಿದ್ದಂತೆ ನಿಂತುಹೋದರೆ ಯಾವ ತಿಂಗಳಿನಲ್ಲಿ, ಏತಕ್ಕೆ ನಿಂತಿತು? ನಾಮನಿರ್ದೇಶನದಲ್ಲಿ ಮದುವೆಗೆ ಮೊದಲು ಬರೆದ ಹೆಸರೇ ಇನ್ನೂ ಉಳಿದಿದೆಯೇ? ಈ ಪ್ರಶ್ನೆಗಳನ್ನು ಕಚೇರಿಯವರಿಗೆ ಬರವಣಿಗೆಯಲ್ಲಿ ಕೇಳುವುದರಲ್ಲಿ ಸಂಕೋಚವೇನೂ ಬೇಕಾದುದಿಲ್ಲ.

ಈ ವಿನ್ಯಾಸದ ಕೆಲಸದಲ್ಲಿಯೇ ತೊಡಗಿರುವ ಯುವಕ ಯುವತಿಯರು ಯಾರಾದರೂ ಇದನ್ನು ಓದಿದರೆ ಅವರಿಗೂ ಒಂದು ಮಾತು. ನಿಮ್ಮ ಮುಂದಿರುವ ಪಟ್ಟಿಯಲ್ಲಿ ನೌಕರರಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ ಇರುವುದು. ಆ ಸಂಖ್ಯೆಗಳಲ್ಲಿ ಒಂದು, ಫೆಬ್ರವರಿಯಲ್ಲಿ ಹಾಸಿಗೆ ಹಿಡಿಯತಕ್ಕ ಆ ಕೆಲಸಗಾರನದು. ಅವಧಿಯ ನಿಯಮವನ್ನು ಬರೆಯುವಾಗ ಇನ್ನೊಂದು ಗಳಿಗೆ ಕುಳಿತು ಕಾಯಿದೆಯ ಮೂಲವನ್ನು ನೋಡಿದರೆ ಅವನ ಮನೆಯ ಒಲೆಯು ಆ ತಿಂಗಳೂ ಉರಿಯುವುದು.